ಗರ್ಭಕಂಠದ ಕ್ಯಾನ್ಸರ್: ಲಸಿಕೆ ಹಾಕಿಸಿದರೆ ಮಕ್ಕಳಾಗುವುದಿಲ್ಲವೇ? ಪರೀಕ್ಷೆ ಯಾರಿಗೆ, ಯಾವಾಗ ಬೇಕು?

ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ‘ಕ್ಯಾನ್ಸರ್ ಇಂಜೆಕ್ಷನ್’ ಕೊಡಲು ಬಂದರೆ ಒಪ್ಪಬೇಡಿ, ಅದನ್ನು ತೆಗೆದುಕೊಂಡವರಿಗೆ ಮುಂದೆ ಮಕ್ಕಳಾಗುವುದಿಲ್ಲ, ಹಿಂದೆ ಆಂಧ್ರದಲ್ಲಿ ಇದೇ ಲಸಿಕೆಯಿಂದ ಹುಡುಗಿಯರು ಸತ್ತಿದ್ದಾರೆ. ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು. ಕೊನೆಯಲ್ಲಿ ‘ಎಲ್ಲ ತಾಯಂದಿರಿಗೂ ತಲುಪಿಸಿ’ ಎಂಬ ಕೋರಿಕೆಯೂ ಇರುತ್ತದೆ.

ಈ ಸಂದೇಶದಲ್ಲಿ ಒಂದು ಎಳೆ ನಿಜ, ಉಳಿದದ್ದು ಸುಳ್ಳು. ಹಾಗಾಗಿಯೇ ಇದು ಪೂರ್ತಿ ಸುಳ್ಳಿಗಿಂತ ಹೆಚ್ಚು ಅಪಾಯಕಾರಿ. ಬಿಡಿಸಿ ನೋಡೋಣ.

ಮೊದಲು, ಯಾವ ಕಾಯಿಲೆಯ ಮಾತು ಇದು?

ಗರ್ಭಕೋಶದ ಕೆಳತುದಿ ಕಿರಿದಾಗಿ ಯೋನಿಗೆ ತೆರೆದುಕೊಳ್ಳುವ ಭಾಗವೇ ಗರ್ಭಕಂಠ. ನಮ್ಮಲ್ಲಿ ಅನೇಕರು ಇದನ್ನು ‘ಗರ್ಭಕೋಶದ ಬಾಯಿ’ ಎನ್ನುತ್ತಾರೆ. ಭಾರತದ ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಕಾಣಿಸುವ ಕ್ಯಾನ್ಸರ್ ಇಲ್ಲಿನದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ನೀಡಿದ 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕಾಯಿಲೆ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಲೆಕ್ಕ ಹಾಕಿದರೆ ಗಂಟೆಗೆ ಒಂಬತ್ತು ಜನ. ಪ್ರಪಂಚದಲ್ಲಿ ಈ ಕಾಯಿಲೆಯಿಂದ ಸಾಯುವ ಪ್ರತಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ನಮ್ಮವರೇ.

ಬೇಸರದ ಸಂಗತಿಯೆಂದರೆ, ಬರುವ ಮೊದಲೇ ತಡೆಯಲು ಬಹಳ ಮಟ್ಟಿಗೆ ಸಾಧ್ಯವಿರುವ ಕ್ಯಾನ್ಸರ್ ಇದು. ಇದಕ್ಕೆ ಕಾರಣ ಒಂದು ವೈರಸ್ ಎಂದು ಗೊತ್ತಿದೆ. ಜರ್ಮನಿಯ ವಿಜ್ಞಾನಿ ಹರಾಲ್ಡ್ ಝುರ್ ಹೌಸೆನ್ 1983-84ರಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿಯ 16 ಮತ್ತು 18ನೇ ಬಗೆಗಳನ್ನು ಈ ಗಡ್ಡೆಗಳಲ್ಲಿ ಪತ್ತೆಹಚ್ಚಿದರು. ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಬಂತು. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಶೇ 70ರಷ್ಟಕ್ಕೆ ಈ ಎರಡೇ ಕಾರಣ.

ವೈರಸ್ ತಗುಲಿದರೆ ಕ್ಯಾನ್ಸರ್ ಬಂದೇಬಿಟ್ಟಿತು ಎಂದಲ್ಲ. ಲೈಂಗಿಕ ಜೀವನ ಇರುವ ಬಹುತೇಕ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ಎಚ್‌ಪಿವಿ ಬಂದು ಹೋಗಿರುತ್ತದೆ. ನೆಗಡಿಯ ಹಾಗೆ ಗೊತ್ತಾಗುವುದೂ ಇಲ್ಲ. ಹತ್ತರಲ್ಲಿ ಒಂಬತ್ತು ಸಲ ದೇಹವೇ ಅದನ್ನು ಒಂದೆರಡು ವರ್ಷದಲ್ಲಿ ಓಡಿಸುತ್ತದೆ. ಉಳಿದುಕೊಂಡರೆ ಮಾತ್ರ ತೊಂದರೆ. ಆಗ ಗರ್ಭಕಂಠದ ಕೋಶಗಳು ನಿಧಾನವಾಗಿ ಬದಲಾಗುತ್ತಾ ಸಾಮಾನ್ಯವಾಗಿ 15ರಿಂದ 20 ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತವೆ. ಎಚ್‌ಐವಿ ಇದ್ದವರಲ್ಲಿ ಐದರಿಂದ ಹತ್ತು ವರ್ಷ ಸಾಕು. ಈ ದೀರ್ಘ ಅವಧಿಯೇ ನಮಗೆ ಸಿಕ್ಕಿರುವ ಅವಕಾಶ. ಶುರುವಿಗೆ ಮೊದಲು ಲಸಿಕೆ, ನಡುವೆ ಪರೀಕ್ಷೆ.

‘ಲಸಿಕೆಯಿಂದ ಬಂಜೆತನ’ ಎಂಬುದು ಸುಳ್ಳು

ಲಸಿಕೆಯಲ್ಲಿ ಇರುವುದು ವೈರಸ್ ಅಲ್ಲ, ಅದರ ಹೊರಕವಚದ ಪ್ರೋಟೀನ್ ಮಾತ್ರ. ತಿರುಳಿಲ್ಲದ ತೆಂಗಿನ ಚಿಪ್ಪನ್ನು ಊಹಿಸಿಕೊಳ್ಳಿ; ನೆಟ್ಟರೆ ಗಿಡ ಹುಟ್ಟದು. ಹಾಗೆಯೇ ಒಳಗೆ ವಂಶವಾಹಿ ಇಲ್ಲದ ಈ ಕವಚ ಸೋಂಕು ತರಲಾರದು. ಆದರೆ ಅದನ್ನು ನೋಡಿ ದೇಹ ವೈರಸ್ಸಿನ ಗುರುತು ಇಟ್ಟುಕೊಳ್ಳುತ್ತದೆ. ಮುಂದೆ ನಿಜವಾದ ವೈರಸ್ ಬಂದಾಗ ಒಳಗೆ ಬಿಡುವುದಿಲ್ಲ. ಅಂಡಾಶಯಕ್ಕೂ ಹಾರ್ಮೋನಿಗೂ ಮುಟ್ಟಿನ ಚಕ್ರಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ಲಸಿಕೆ ಬಳಕೆಗೆ ಬಂದದ್ದು 2006ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕಾ ಸುರಕ್ಷತಾ ಸಮಿತಿ 2017ರಲ್ಲಿ ಪರಿಶೀಲಿಸುವ ಹೊತ್ತಿಗೆ 27 ಕೋಟಿಗೂ ಹೆಚ್ಚು ಡೋಸ್ ವಿತರಣೆಯಾಗಿತ್ತು. ಬಂಜೆತನಕ್ಕೆ ಇದು ಕಾರಣ ಎನ್ನುವ ಪುರಾವೆ ಸಮಿತಿಗೆ ಸಿಗಲಿಲ್ಲ. ಹಾಗಾದರೆ ಅಡ್ಡ ಪರಿಣಾಮವೇ ಇಲ್ಲವೇ? ಇದೆ. ಚುಚ್ಚಿದ ಕಡೆ ನೋವು, ಊತ, ಒಂದೆರಡು ದಿನ ಜ್ವರ, ತಲೆನೋವು ಬರಬಹುದು. ಕೆಲವು ಹುಡುಗಿಯರು ಸೂಜಿಯ ಭಯಕ್ಕೆ ತಲೆತಿರುಗಿ ಬೀಳುತ್ತಾರೆ. ಅದಕ್ಕೇ ಲಸಿಕೆಯ ನಂತರ 15 ನಿಮಿಷ ಕೂರಿಸುತ್ತಾರೆ. ತೀವ್ರ ಅಲರ್ಜಿ ಬಹಳ ಅಪರೂಪ.

ತಮಾಷೆ ನೋಡಿ, ವಾಸ್ತವ ಇದಕ್ಕೆ ತಿರುಗುಮುರುಗಾಗಿದೆ. ಗರ್ಭಕಂಠದ ಕ್ಯಾನ್ಸರ್ ಮುಂದುವರಿದರೆ ಗರ್ಭಕೋಶ ತೆಗೆಯಬೇಕಾಗಬಹುದು, ರೇಡಿಯೇಷನ್ ಕೊಟ್ಟರೆ ಅಂಡಾಶಯ ಕೆಲಸ ನಿಲ್ಲಿಸಬಹುದು. ಮಕ್ಕಳಾಗುವ ಸಾಧ್ಯತೆಯನ್ನು ಕಸಿಯುವುದು ಕಾಯಿಲೆಯೇ ಹೊರತು ಲಸಿಕೆಯಲ್ಲ.

ಆಂಧ್ರದಲ್ಲಿ ನಿಜಕ್ಕೂ ಏನಾಯಿತು?

ನಿಜದ ಎಳೆ ಇರುವುದು ಇಲ್ಲಿ. 2009ರಲ್ಲಿ ಪಾಥ್ ಎಂಬ ಅಮೆರಿಕದ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರಗಳ ಜೊತೆ ಸೇರಿ, ಆಗಿನ ಆಂಧ್ರಪ್ರದೇಶದ ಖಮ್ಮಂ (ಈಗ ತೆಲಂಗಾಣದಲ್ಲಿದೆ) ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಕೊಟ್ಟಿತು. ನಂತರದ ತಿಂಗಳುಗಳಲ್ಲಿ ಅವರಲ್ಲಿ ಏಳು ಹುಡುಗಿಯರು ಸತ್ತರು. ಸುದ್ದಿ ದೊಡ್ಡದಾಯಿತು, 2010ರ ಏಪ್ರಿಲ್‌ನಲ್ಲಿ ಸರ್ಕಾರ ಯೋಜನೆಯನ್ನೇ ನಿಲ್ಲಿಸಿತು.

ಸಾವುಗಳ ಕಾರಣ ಹುಡುಕಿದಾಗ ಸಿಕ್ಕಿದ್ದು ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ಕೀಟನಾಶಕ ಸೇವನೆ, ಮಲೇರಿಯಾ ಇಂಥವು. ಸಾವಿಗೂ ಲಸಿಕೆಗೂ ಸಂಬಂಧವಿರುವ ಸಾಧ್ಯತೆ ಇಲ್ಲವೆಂದು ಸರ್ಕಾರದ ತನಿಖಾ ಸಮಿತಿ ಹೇಳಿತು. ಸಾವಿರಾರು ಹದಿಹರೆಯದವರನ್ನು ಒಂದು ವರ್ಷ ಗಮನಿಸಿದರೆ, ಲಸಿಕೆ ಇರಲಿ ಇಲ್ಲದಿರಲಿ, ಕೆಲವು ಸಾವುಗಳು ದಾಖಲಾಗುತ್ತವೆ. ಲಸಿಕೆಯ ನಂತರ ಆದದ್ದು ಬೇರೆ, ಲಸಿಕೆಯಿಂದ ಆದದ್ದು ಬೇರೆ.

ಆದರೆ ಅಷ್ಟಕ್ಕೇ ಬಿಟ್ಟರೆ ನಾನು ಅರ್ಧ ಸತ್ಯ ಹೇಳಿದಂತೆ. ಆ ಯೋಜನೆಯಲ್ಲಿ ದೊಡ್ಡ ತಪ್ಪುಗಳಾಗಿದ್ದವು. ಖಮ್ಮಂನಲ್ಲಿ ಅನೇಕ ಹುಡುಗಿಯರು ಹಾಸ್ಟೆಲ್‌ನಲ್ಲಿದ್ದ ಬುಡಕಟ್ಟಿನ ಮಕ್ಕಳು. ಅಪ್ಪ ಅಮ್ಮ ಸಹಿ ಹಾಕಬೇಕಿದ್ದ ಒಪ್ಪಿಗೆ ಪತ್ರಕ್ಕೆ ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಜನರನ್ನು ಕೇಳದೆ ಮಾಡಿದ ಕೆಲಸ ಜನರ ನಂಬಿಕೆಯನ್ನೇ ತಿನ್ನುತ್ತದೆ. ಇಂದು ನಮ್ಮ ಮೊಬೈಲಿಗೆ ಬರುವ ಫಾರ್ವರ್ಡ್‌ನ ಬೇರು ಲಸಿಕೆಯ ದೋಷದಲ್ಲಿಲ್ಲ, ಆ ಒಪ್ಪಿಗೆ ಪತ್ರಗಳಲ್ಲಿದೆ.

ಈ ಕಥೆಗೆ ಇನ್ನೊಂದು ತಿರುವಿದೆ, ಅದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ಅದೇ ಹೊತ್ತಿಗೆ ದೇಶದ ಒಂಬತ್ತು ಕಡೆ ಇನ್ನೊಂದು ಅಧ್ಯಯನ ನಡೆಯುತ್ತಿತ್ತು. ಮೂರು ಡೋಸ್ ಬೇಕೇ, ಎರಡು ಸಾಕೇ ಎಂದು ನೋಡುವುದು ಅದರ ಉದ್ದೇಶ. ಸರ್ಕಾರದ ಆದೇಶಕ್ಕೆ ಅದೂ ನಡುವೆಯೇ ನಿಂತಿತು. ಹಾಗಾಗಿ ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಕೈಬಿಡದೆ ವರ್ಷಗಟ್ಟಲೆ ಗಮನಿಸುತ್ತಾ ಹೋದರು. ಹತ್ತು ವರ್ಷದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು: 16 ಮತ್ತು 18ನೇ ಬಗೆಗಳು ದೇಹದಲ್ಲಿ ಬೇರೂರುವುದನ್ನು ಒಂದೇ ಡೋಸ್ ಕೂಡ ಶೇ 95ರಷ್ಟು ತಡೆದಿತ್ತು, ಮೂರು ಡೋಸಿಗೆ ಸರಿಸಮ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದೇ ಡೋಸ್ ಕೊಡಬಹುದು ಎಂದು ಹೇಳಲು ನೆರವಾದ ಪುರಾವೆಗಳಲ್ಲಿ ಇದೂ ಒಂದು. ಬಡ ದೇಶಗಳ ಲಕ್ಷಾಂತರ ಹುಡುಗಿಯರಿಗೆ ಲಸಿಕೆ ಕೈಗೆಟುಕಿದ್ದರಲ್ಲಿ ನಿಂತುಹೋದ ನಮ್ಮ ಅಧ್ಯಯನದ ಪಾಲಿದೆ.

ಜಪಾನಿನಲ್ಲಿ ವಿಡಿಯೊಗಳು ಮಾಡಿದ್ದು

ವದಂತಿಗೆ ಬೆಲೆ ತೆರಬೇಕಾಗುತ್ತದೆ ಎನ್ನುವುದಕ್ಕೆ ಜಪಾನ್ ಉದಾಹರಣೆ. ಲಸಿಕೆ ಪಡೆದ ಕೆಲವು ಹುಡುಗಿಯರು ನಡುಗುವ, ನಡೆಯಲಾಗದೆ ಒದ್ದಾಡುವ ದೃಶ್ಯಗಳು ಅಲ್ಲಿನ ಟಿವಿಗಳಲ್ಲಿ ಮತ್ತೆ ಮತ್ತೆ ಬಂದವು. 2013ರ ಜೂನ್‌ನಲ್ಲಿ ಸರ್ಕಾರ ಲಸಿಕೆ ಹಾಕಿಸಿಕೊಳ್ಳಿ ಎಂದು ಶಿಫಾರಸು ಮಾಡುವುದನ್ನೇ ನಿಲ್ಲಿಸಿತು. ಶೇ 70ರಷ್ಟಿದ್ದ ಲಸಿಕೆ ಪ್ರಮಾಣ ಶೇ 1ಕ್ಕಿಂತ ಕೆಳಗೆ ಬಿತ್ತು. ನಂತರ ನಗೋಯಾ ನಗರದಲ್ಲಿ ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದಾಗ ಆ ಲಕ್ಷಣಗಳು ಎರಡೂ ಗುಂಪಿನಲ್ಲಿ ಒಂದೇ ರೀತಿ ಇದ್ದವು. ಶಿಫಾರಸು ಮರಳಿ ಬಂದದ್ದು 2022ರ ಏಪ್ರಿಲ್‌ನಲ್ಲಿ. ಆ ನಡುವೆ ಲಸಿಕೆ ತಪ್ಪಿಸಿಕೊಂಡ ಪೀಳಿಗೆಯಲ್ಲಿ ಸುಮಾರು 5,000 ಹೆಚ್ಚುವರಿ ಸಾವುಗಳಾಗಬಹುದು ಎಂದು ಒಂದು ಅಂದಾಜು ಹೇಳುತ್ತದೆ.

ಪಕ್ಕದಲ್ಲಿ ಸ್ಕಾಟ್ಲೆಂಡನ್ನು ಇಟ್ಟು ನೋಡಿ. ಅಲ್ಲಿ 12-13ನೇ ವಯಸ್ಸಿಗೆ ಪೂರ್ತಿ ಲಸಿಕೆ ಪಡೆದ, 1988ರಿಂದ 1996ರ ನಡುವೆ ಹುಟ್ಟಿದ ಹೆಣ್ಣುಮಕ್ಕಳ ದಾಖಲೆ ತೆಗೆದಾಗ ಗರ್ಭಕಂಠದ ಕ್ಯಾನ್ಸರ್‌ನ ಒಂದೇ ಒಂದು ಪ್ರಕರಣವೂ ಸಿಗಲಿಲ್ಲ. 2024ರಲ್ಲಿ ಪ್ರಕಟವಾದ ವರದಿ ಇದು.

‘ಒಳ್ಳೆ ಮನೆತನದ ಹುಡುಗಿಗೆ ಇದೆಲ್ಲ ಯಾಕೆ?’

ಈ ಪ್ರಶ್ನೆ ಫಾರ್ವರ್ಡ್‌ನಲ್ಲಿ ಬರುವುದಿಲ್ಲ, ಅಡುಗೆಮನೆಯಲ್ಲಿ ಬರುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದ ಕೂಡಲೇ ನಡತೆಯ ಮಾತು ಶುರುವಾಗುತ್ತದೆ. ಮದುವೆಯಾದ ಮೇಲೆ ಗಂಡನೊಬ್ಬನ ಸಂಪರ್ಕ ಮಾತ್ರ ಇರುವ ಹೆಂಗಸಿಗೂ ಎಚ್‌ಪಿವಿ ಬರಬಹುದು. ಅದು ದೇಹದಲ್ಲಿ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಹಾಗಾಗಿ ಪರೀಕ್ಷೆಯಲ್ಲಿ ವೈರಸ್ ಕಂಡರೆ ಅದು ಯಾವಾಗ, ಯಾರಿಂದ ಬಂತು ಎಂದು ಹೇಳಲು ಆಗುವುದಿಲ್ಲ. ಈ ರಿಪೋರ್ಟ್ ಹಿಡಿದು ಗಂಡ ಹೆಂಡತಿ ಒಬ್ಬರನ್ನೊಬ್ಬರು ಅನುಮಾನಿಸುವುದರಲ್ಲಿ ಅರ್ಥವಿಲ್ಲ. ಕಾಂಡೋಮ್ ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ.

9ರಿಂದ 14ರ ವಯಸ್ಸಿನಲ್ಲಿ ಲಸಿಕೆ ಕೊಡಿ ಎನ್ನುವುದಕ್ಕೆ ಕಾರಣವೂ ಇಷ್ಟೇ. ವೈರಸ್ ಎದುರಾಗುವ ಮೊದಲೇ ದೇಹ ಸಿದ್ಧವಾಗಿರಬೇಕು, ಜೊತೆಗೆ ಆ ವಯಸ್ಸಿನಲ್ಲಿ ಪ್ರತಿರೋಧ ಚೆನ್ನಾಗಿ ಬೆಳೆಯುತ್ತದೆ. ಪೋಲಿಯೊ ಹನಿಯನ್ನು ರೋಗ ಬರಲಿ ಎಂದು ಕಾದು ಹಾಕಿಸುತ್ತೇವೆಯೇ? ಮದುವೆಯಾದವರು ತೆಗೆದುಕೊಳ್ಳಬಾರದು ಎಂದೇನಿಲ್ಲ, ಆದರೆ ಲಾಭ ಕಡಿಮೆ. ವೈದ್ಯರ ಜೊತೆ ಮಾತಾಡಿ ನಿರ್ಧರಿಸಬೇಕು. ಗರ್ಭಿಣಿಯರು ಹೆರಿಗೆಯವರೆಗೆ ಮುಂದೂಡುತ್ತಾರೆ. ಮುಟ್ಟಾಗಿದ್ದಾಗ ಹಾಕಿಸಿಕೊಳ್ಳಬಹುದು. (ಮುಟ್ಟಿನ ಐದು ದಿನ ಹಿಂದೆ ಮುಂದೆ ಲಸಿಕೆ ಬೇಡ ಎನ್ನುವ ಮಾತು ಕೋವಿಡ್ ಸಮಯದಲ್ಲೂ ಓಡಾಡಿತ್ತು, ಆಗಲೂ ಸುಳ್ಳಾಗಿತ್ತು.)

ನಮ್ಮ ದೇಶದ್ದೇ ಲಸಿಕೆ ‘ಸರ್ವಾವ್ಯಾಕ್’. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಇದಕ್ಕೆ 2022ರ ಜುಲೈನಲ್ಲಿ ಅನುಮತಿ ಸಿಕ್ಕಿತು, 2023ರ ಜನವರಿಯಲ್ಲಿ ಬಿಡುಗಡೆಯಾಯಿತು. ಆಗ ಖಾಸಗಿಯಲ್ಲಿ ಡೋಸ್ ಒಂದಕ್ಕೆ ಸುಮಾರು 2,000 ರೂಪಾಯಿ, ವಿದೇಶಿ ಲಸಿಕೆಗಳಿಗಿಂತ ಕಡಿಮೆ. ನಿಮ್ಮ ಊರಿನಲ್ಲಿ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆಯೇ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಅವರನ್ನು ಕೇಳುವುದೇ ಸರಿಯಾದ ದಾರಿ, ಗ್ರೂಪಿನಲ್ಲಿ ಬಂದ ದಿನಾಂಕವನ್ನು ನಂಬುವುದಲ್ಲ.

ಅಮ್ಮಂದಿರ ಪಾಲಿನ ಕೆಲಸ: ಪರೀಕ್ಷೆ

ಲಸಿಕೆಯ ಗಲಾಟೆಯಲ್ಲಿ ಮರೆತೇ ಹೋಗುವುದು ಇದು. ಇಂದು ಈ ಕ್ಯಾನ್ಸರ್‌ಗೆ ಹೆಚ್ಚು ಹತ್ತಿರ ಇರುವವರು 12 ವರ್ಷದ ಮಗಳಲ್ಲ, 40 ದಾಟಿದ ಅಮ್ಮ. ಆಕೆಗೆ ಬೇಕಿರುವುದು ತಪಾಸಣೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ 1.9 ಮಾತ್ರ. ನೂರಕ್ಕೆ ಇಬ್ಬರೂ ಇಲ್ಲ. ನನ್ನ ಪ್ರಕಾರ ಈ ಲೇಖನದ ಅತಿ ಮುಖ್ಯ ಅಂಕಿ ಇದೇ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಮಾಡುವುದು ‘ವಿಐಎ’ ಪರೀಕ್ಷೆ. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾಯುತ್ತಾರೆ. ಅಡುಗೆಯ ವಿನೆಗರ್‌ನಲ್ಲಿ ಇರುವುದೂ ಅದೇ. ಬದಲಾಗಿರುವ ಕೋಶಗಳಿದ್ದರೆ ಆ ಜಾಗ ಬೆಳ್ಳಗೆ ಕಾಣುತ್ತದೆ. ಸ್ವಲ್ಪ ಚುರುಕ್ ಎನ್ನಬಹುದು, ಅಷ್ಟೇ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು 1.5 ಲಕ್ಷ ಮಹಿಳೆಯರ ಮೇಲೆ ನಡೆಸಿದ ದೀರ್ಘ ಅಧ್ಯಯನದಲ್ಲಿ, ವೈದ್ಯರಲ್ಲದ, ಹತ್ತನೇ ತರಗತಿವರೆಗೆ ಓದಿದ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿದರು. ಗರ್ಭಕಂಠದ ಕ್ಯಾನ್ಸರ್ ಸಾವು ಶೇ 31ರಷ್ಟು ಇಳಿಯಿತು. ಇದು 2013ರಲ್ಲಿ ಹೊರಬಂದ ಫಲಿತಾಂಶ.

ವಿಐಎಗೆ ಮಿತಿಯೂ ಇದೆ. ನೋಡುವವರ ಕಣ್ಣಿನ ಮೇಲೆ ಅದು ನಿಂತಿದೆ. ನಮ್ಮ ಬೀದರ್–ಕಲಬುರಗಿಯ ಗಡಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1.3 ಲಕ್ಷ ಮಹಿಳೆಯರೊಂದಿಗೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿ ವಿಐಎಯಿಂದ ಸಾವು ಗಮನಾರ್ಹವಾಗಿ ಇಳಿಯಲಿಲ್ಲ. ಆದರೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದ ಗುಂಪಿನಲ್ಲಿ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಈಗ ಮೊದಲ ಆಯ್ಕೆಯಾಗಿ ಹೇಳುವುದು ಡಿಎನ್‌ಎ ಪರೀಕ್ಷೆಯನ್ನೇ: 30ನೇ ವಯಸ್ಸಿನಿಂದ, ಐದರಿಂದ ಹತ್ತು ವರ್ಷಕ್ಕೊಮ್ಮೆ. ಎಚ್‌ಐವಿ ಇದ್ದವರು 25ರಿಂದಲೇ, ಮೂರರಿಂದ ಐದು ವರ್ಷಕ್ಕೊಮ್ಮೆ. ಇದರ ಮಾದರಿಯನ್ನು ಹೆಂಗಸರು ತಾವೇ ಹತ್ತಿಯ ಕಡ್ಡಿಯಂಥ ಸಾಧನದಿಂದ ತೆಗೆದುಕೊಡಬಹುದು, ನಾಚಿಕೆಯಿಂದ ಹಿಂದೆ ಸರಿಯುವವರಿಗೆ ಅನುಕೂಲ. ಹಳೆಯ, ಎಲ್ಲರಿಗೂ ಪರಿಚಿತ ಪ್ಯಾಪ್ ಸ್ಮಿಯರ್ ಕೂಡ ಚಾಲ್ತಿಯಲ್ಲಿದೆ. ಹತ್ತಿರದಲ್ಲಿ ಸಿಗುವುದು ವಿಐಎ ಮಾತ್ರವಾದರೆ ಅದನ್ನೇ ಮಾಡಿಸಿ, ಡಿಎನ್‌ಎ ಪರೀಕ್ಷೆ ಬರಲಿ ಎಂದು ಕಾಯಬೇಡಿ.

ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದಲ್ಲ. ಇನ್ನೂ ನೋಡಬೇಕು ಎಂದರ್ಥ. ಕ್ಯಾನ್ಸರ್ ಆಗುವ ಮುನ್ನಿನ ಬದಲಾವಣೆ ಇದ್ದರೆ ಆ ಜಾಗವನ್ನು ಶಾಖದಿಂದ ಅಥವಾ ತೀವ್ರ ತಂಪಿನಿಂದ ನಾಶ ಮಾಡುತ್ತಾರೆ, ಸಾಮಾನ್ಯವಾಗಿ ಆ ದಿನವೇ ಮನೆಗೆ ಹೋಗಬಹುದು. ಲಸಿಕೆ ಹಾಕಿಸಿಕೊಂಡವರೂ 30ರ ನಂತರ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯುವುದಿಲ್ಲ.

ಬಿಳಿ ಸೆರಗು, ಉಷ್ಣ, ಪ್ಯಾಡು, ಗರ್ಭಕೋಶ ತೆಗೆಸುವುದು

ಬಿಳಿ ಹೋಗುವುದೆಲ್ಲ ಕ್ಯಾನ್ಸರ್ ಲಕ್ಷಣವಲ್ಲ. ಮುಟ್ಟಿನ ಚಕ್ರದ ನಡುವೆ ತೆಳುವಾದ, ವಾಸನೆಯಿಲ್ಲದ ಸ್ರಾವ ಸಹಜ. ತುರಿಕೆ ಇದ್ದರೆ ಹೆಚ್ಚಾಗಿ ಸಾಮಾನ್ಯ ಸೋಂಕು, ಮಾತ್ರೆಗೆ ಹೋಗುತ್ತದೆ. ಕೆಟ್ಟ ವಾಸನೆಯ, ರಕ್ತ ಬೆರೆತ ಸ್ರಾವ ನಿಲ್ಲದೆ ಹೋಗುತ್ತಿದ್ದರೆ, ಸಂಪರ್ಕದ ನಂತರ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ರಕ್ತ ಹೋದರೆ ವೈದ್ಯರಿಗೆ ತೋರಿಸಲೇಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅಷ್ಟೇ. ‘ಉಷ್ಣ ಆಗಿರಬೇಕು’ ಎಂದು ಮಜ್ಜಿಗೆ, ಎಳನೀರು ಕುಡಿದು ತಿಂಗಳುಗಟ್ಟಲೆ ಸುಮ್ಮನಿರುವುದು ನಮ್ಮ ಮನೆಗಳಲ್ಲಿ ಬಹಳ. ಮಜ್ಜಿಗೆ ಕುಡಿಯಿರಿ, ಆಸ್ಪತ್ರೆಗೂ ಹೋಗಿ. ಇನ್ನೊಂದು ವಿಷಯ, ಆರಂಭದಲ್ಲಿ ಈ ಕಾಯಿಲೆಗೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದಲೇ ಏನೂ ತೊಂದರೆ ಇಲ್ಲದವರಿಗೇ ಪರೀಕ್ಷೆ ಮಾಡುವುದು.

ಸ್ಯಾನಿಟರಿ ಪ್ಯಾಡಿನ ಜೆಲ್‌ನಿಂದ ಗರ್ಭಕೋಶದ ಕ್ಯಾನ್ಸರ್ ಬಂದು ಹುಡುಗಿಯರು ಸತ್ತರು ಎನ್ನುವ ಹಳೇ ಫಾರ್ವರ್ಡ್‌ಗೆ ಆಧಾರವಿಲ್ಲ. ಪ್ಯಾಡನ್ನು ಆಗಾಗ ಬದಲಿಸದಿದ್ದರೆ ಚರ್ಮ ಕೆರಳಬಹುದು, ಗಾಯವಾಗಬಹುದು, ಅದು ಬೇರೆ ಮಾತು.

‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂಬ ಸಲಹೆಯ ಬಗ್ಗೆ ಮಾತ್ರ ಕಟುವಾಗಿಯೇ ಹೇಳಬೇಕು. ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದ ಬಡ ಹೆಂಗಸರಿಗೆ ಕ್ಯಾನ್ಸರ್ ಭಯ ತೋರಿಸಿ ಶಸ್ತ್ರಚಿಕಿತ್ಸೆ ಮಾಡಿದ ಆರೋಪಗಳು ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದಲೂ, ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಿಂದಲೂ ಬಂದು ತನಿಖೆಗಳಾಗಿವೆ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶ, ಅದರ ಜೊತೆ ಅಂಡಾಶಯವನ್ನೂ ತೆಗೆದರೆ ಮೂಳೆ ಸವೆತ, ಹೃದಯದ ತೊಂದರೆಗಳು ಬೇಗ ಬರುತ್ತವೆ. ಯಾರಾದರೂ ಹೀಗೆ ಹೇಳಿದರೆ ಬಯಾಪ್ಸಿ ರಿಪೋರ್ಟ್ ಕೇಳಿ, ಇನ್ನೊಬ್ಬ ವೈದ್ಯರಿಗೆ ತೋರಿಸಿ. ಕ್ಯಾನ್ಸರ್ ಇದೆ ಎಂದು ಹೇಳಬಲ್ಲದ್ದು ಬಯಾಪ್ಸಿ ಮಾತ್ರ, ಸ್ಕ್ಯಾನಿಂಗ್ ಚೀಟಿಯಲ್ಲ.

2024ರ ಫೆಬ್ರುವರಿ 2ರಂದು ಮುಂಬೈನ ನಟಿಯೊಬ್ಬರು ಇದೇ ಕ್ಯಾನ್ಸರ್‌ನಿಂದ ಸತ್ತರೆಂಬ ಪೋಸ್ಟ್ ಅವರ ಖಾತೆಯಲ್ಲೇ ಬಂತು, ಮರುದಿನ ಅವರೇ ಬದುಕಿದ್ದೇನೆ, ಜಾಗೃತಿಗಾಗಿ ಮಾಡಿದ್ದು ಎಂದರು. ಎಚ್ಚರ ಮೂಡಿಸಲು ಸುಳ್ಳೇಕೆ ಬೇಕಿತ್ತು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಹೋಗುವ ಮುನ್ನ

ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ತಪಾಸಣೆಯೂ ಸರ್ಕಾರದ ಕಾರ್ಯಕ್ರಮದಲ್ಲಿ ಸೇರಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ. ಬಿಪಿ ತೋರಿಸಲು ಹೋದಾಗ ‘ಗರ್ಭಕೋಶದ ಬಾಯಿಯ ಪರೀಕ್ಷೆಯನ್ನೂ ಮಾಡಿ’ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಎಷ್ಟೋ ಕಡೆ ಅವರೂ ಹೇಳುವುದಿಲ್ಲ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಎರಡು ದಿನ ಮೊದಲಿನಿಂದ ಸಂಪರ್ಕ ಬೇಡ, ಯೋನಿಯೊಳಗೆ ಔಷಧಿ, ಕ್ರೀಮು ಹಾಕುವುದೂ ಬೇಡ. ಮಹಿಳಾ ಸಿಬ್ಬಂದಿಯೇ ಬೇಕು ಎಂದು ಕೇಳಬಹುದು, ಜೊತೆಗೆ ಅಕ್ಕನನ್ನೋ ಅತ್ತಿಗೆಯನ್ನೋ ಕರೆದುಕೊಂಡು ಹೋಗಬಹುದು. ಅತ್ತಿಗೆಗೂ 30 ದಾಟಿದ್ದರೆ ಅವರದ್ದೂ ಅದೇ ದಿನ ಆಗಿಹೋಗುತ್ತದೆ. ವಿಐಎ ಆದರೆ ಫಲಿತಾಂಶ ಅಲ್ಲೇ ಹೇಳುತ್ತಾರೆ. ಮುಂದಿನ ಬಾರಿ ಯಾವಾಗ ಬರಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಿ.